ಕಣ್ಣಕ್ಕನ ಒಪ್ಪಿಗೆ

ಬಾಟಲಿ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಮೇಲ್ವಿಚಾರಕನಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವಳು ಕಣ್ಣಕ್ಕ. ಅವಳ ಕೆಲಸವೇ ನೋಡುವುದು. ಕುಲುಮೆಯಿಂದ ಬಂದು ತಣಿದ ಬಾಟಲಿಗಳು ಓಡುವ ಪಟ್ಟಿಯ ಮೇಲೆ ಸಾಲಾಗಿ, ಹಿಂದಿನಿಂದ ದೀಪ ಹಾಕಿದ ಬಿಳಿ ಪರದೆಯ ಮುಂದೆ ಹಾದುಹೋಗುತ್ತವೆ. ಗಾಜಿನೊಳಗೆ ಗುಳ್ಳೆ, ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕು, ತಳದಲ್ಲಿ ಕರಗದೆ ಉಳಿದ ಮರಳಿನ ಕಾಳು, ಏನು ಕಂಡರೂ ಕೈ ಚಾಚಿ ಆ ಬಾಟಲಿಯನ್ನು ಎತ್ತಿ ಪಕ್ಕದ ತೊಟ್ಟಿಗೆ ಹಾಕಬೇಕು. ಏನೂ ಕಾಣದಿದ್ದರೆ ಏನೂ ಮಾಡಬೇಕಿಲ್ಲ. ಕೈ ಸುಮ್ಮನಿದ್ದರೆ ಸಾಕು, ಬಾಟಲಿ ತಾನಾಗಿ ಮುಂದೆ ಹೋಗುತ್ತದೆ. ಮಗಳು ಹೊಟ್ಟೆಯಲ್ಲಿದ್ದಾಗ ಶುರು ಮಾಡಿದ ಕೆಲಸ. ಈಗ ಅದೇ ಮಗಳು ಶಾಲೆ ಮುಗಿಸಿ ವಿಶ್ವವಿದ್ಯಾಲಯದ ಬಾಗಿಲಲ್ಲಿ ನಿಂತಿದ್ದಳು.

ಮಗಳು ವಾಣಿಜ್ಯ ಓದಬೇಕು, ಓದಿದ ಮೇಲೆ ಕೆಲಸ ಸಿಗಬೇಕು ಎನ್ನುವುದರಲ್ಲಿ ಮನೆಯಲ್ಲಿ ಎರಡು ಮಾತಿರಲಿಲ್ಲ. ತಕರಾರು ಇದ್ದದ್ದು ಯಾವ ಪದವಿ ಎನ್ನುವುದರಲ್ಲಿ. ಗಂಡ ಅದೇ ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಳ್ಳುವವನು. ಕುಲುಮೆಗೆ ರಜೆ ಎಂಬುದಿಲ್ಲ, ಹಾಗಾಗಿ ಅವನಿಗೂ ಇಲ್ಲ. "ನಿನ್ನ ಕಣ್ಣು ತಪ್ಪಿಸಿ ಏನು ಹೋದೀತು? ನೀನೇ ನೋಡು" ಎಂದು ಜವಾಬ್ದಾರಿಯನ್ನು ಅವಳ ತಲೆಗೆ ಕಟ್ಟಿ ಪಾಳಿಗೆ ಹೋಗಿಬಿಟ್ಟಿದ್ದ.

ಅವಳು ನೋಡಿದಳು. ತನಗೆ ಗೊತ್ತಿದ್ದ ರೀತಿಯಲ್ಲೇ ನೋಡಿದಳು. ಒಂದು ವಾರ ಊಟದ ಮೇಜಿನ ಮುಂದೆ ಮಗಳು ಒಂದೊಂದೇ ಪದವಿಯ ಹೆಸರು ಹೇಳುವುದು, ಅವಳು ಅದನ್ನು ಬೆಳಕಿಗೆ ಹಿಡಿಯುವುದು. ಮಾರ್ಕೆಟಿಂಗ್ ಎಂದರೆ, ಕಾರ್ಖಾನೆಯ ಮಾರಾಟದ ಮ್ಯಾನೇಜರ್ ನೆನಪಾಗುತ್ತಿದ್ದ. "ನಲವತ್ತಕ್ಕೇ ಸಕ್ಕರೆ ಕಾಯಿಲೆ ಕಣೇ. ಹೆಂಡತಿ ಮುಖ ನೋಡೋದು ಫೋನಿನಲ್ಲಿ." ಮಾನವ ಸಂಪನ್ಮೂಲ ಎಂದರೆ, ಆಳು ಕಡಿತದ ಸುದ್ದಿ ಓದಿ ಹೇಳಿದ ಆ ಹೆಂಗಸು. "ಕ್ಯಾಂಟೀನಿನಲ್ಲಿ ಅವಳ ಪಕ್ಕ ಯಾರೂ ಕೂತ್ಕೊಳಲ್ಲ. ಪಾಪ, ಅವಳೇನು ಮಾಡ್ತಾಳೆ. ಆದ್ರೂ ಕೂತ್ಕೊಳಲ್ಲ." ಅಕೌಂಟಿಂಗ್ ಎಂದರೆ, ಹೊಸ ಸಾಫ್ಟ್‌ವೇರ್ ಬಂದ ಮೇಲೆ ಖಾಲಿಯಾದ ಅಕೌಂಟ್ಸ್ ಕೋಣೆಯ ಮೂರು ಕುರ್ಚಿಗಳು.

ಕೊನೆಗೆ ಮಗಳು ಮೆಲ್ಲಗೆ, "ಸಪ್ಲೈ ಚೈನ್" ಎಂದಿದ್ದಳು. ಸಾಮಾನು ಎಲ್ಲಿಂದ ಎಲ್ಲಿಗೆ, ಯಾವಾಗ, ಹೇಗೆ ಹೋಗಬೇಕು ಎಂದು ನೋಡಿಕೊಳ್ಳುವ ವಿದ್ಯೆ.

"ನಮ್ಮ ರವಾನೆ ವಿಭಾಗದವರ ಹಾಗಾ? ಊಟಕ್ಕೆ ಕೂತ್ರೂ ಫೋನು, ಸ್ನಾನಕ್ಕೆ ಹೋದ್ರೂ ಫೋನು."

"ಅಮ್ಮಾ, ನಿನಗೆ ಯಾವುದು ಸರಿ ಅಂತ ಆದ್ರೂ ಹೇಳು."

"ನೋಡ್ತಿದ್ದೀನಲ್ಲ."

ವಾರ ಮುಗಿದರೂ ನೋಡುವುದು ಮುಗಿಯಲಿಲ್ಲ. ಸೀಟು ಆರಿಸುವ ದಿನ ಬಂದೇಬಿಟ್ಟಿತು.

ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಜನ ಕಿಕ್ಕಿರಿದಿದ್ದರು. ಗೋಡೆಯ ಮೇಲೆ ದೊಡ್ಡದೊಂದು ಪರದೆ, ಅದರಲ್ಲಿ ಪದವಿಗಳ ಹೆಸರು, ಪಕ್ಕದಲ್ಲಿ ಉಳಿದ ಸೀಟು. ಪರೀಕ್ಷೆಯ ಸ್ಥಾನದ ಪ್ರಕಾರ ಗುಂಪು ಮಾಡಿ, ಗುಂಪಿನಿಂದ ಒಬ್ಬೊಬ್ಬರನ್ನೇ ಮುಂದಿನ ಮೇಜಿಗೆ ಕರೆಯುತ್ತಿದ್ದರು. ಹುಡುಗ ಹುಡುಗಿಯರು ತಮ್ಮ ಆಯ್ಕೆ ಹೇಳಬೇಕು. ಹದಿನೆಂಟು ತುಂಬದವರಾದರೆ ಜೊತೆಗೆ ಬಂದ ತಂದೆಯೋ ತಾಯಿಯೋ ಪೋಷಕರೋ ಬಾಯಿಬಿಟ್ಟು ಒಪ್ಪಿಗೆ ಕೊಡಬೇಕು. ಕೊಡದಿದ್ದರೆ ಅವರನ್ನು ಪಕ್ಕಕ್ಕೆ ಕೂರಿಸಿ, ಆ ಗುಂಪು ಪೂರ್ತಿ ಮುಗಿದ ಮೇಲೆ ಮತ್ತೆ ಕರೆಯುವುದು. ಅಷ್ಟರೊಳಗೆ ಸೀಟು ಉಳಿದಿದ್ದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ. ಇದನ್ನೆಲ್ಲ ಬೆಳಿಗ್ಗೆಯೇ ಮೈಕಿನಲ್ಲಿ ಹೇಳಿದ್ದರು. ಆ ಹೊತ್ತಿಗೆ ಕಣ್ಣಕ್ಕ ಪರದೆಯ ಮೂಲೆಯಲ್ಲಿ ಸತ್ತುಹೋಗಿದ್ದ ಒಂದು ದೀಪದ ಚುಕ್ಕಿಯನ್ನು ನೋಡುತ್ತ ಕೂತಿದ್ದಳು. ಅವಳ ಕಣ್ಣಿಗೆ ಅದು ಮೊದಲು ಬೀಳದೆ ಇರುತ್ತದೆಯೆ?

ಜೊತೆಗೆ ಅವಳ ತಮ್ಮನೂ ಬಂದಿದ್ದ. ವಿಮೆ ಮಾರುವವನು. ಎದುರಿಗೆ ಕೂತವರು ಹೂಂ ಎನ್ನುವವರೆಗೆ ಬಿಡುವ ಆಸಾಮಿಯಲ್ಲ.

"ಅಕೌಂಟಿಂಗ್ ತಗೋ. ಕಣ್ಣು ಮುಚ್ಕೊಂಡು ತಗೋ" ಎಂದು ಅಕ್ಕನ ಮಗಳ ಕಿವಿಯಲ್ಲಿ ಊದುತ್ತಿದ್ದ. "ಭೂಮಿ ಮೇಲೆ ಲೆಕ್ಕ ಬೇಡ ಅನ್ನೋ ಕಂಪನಿ ಇದೆಯಾ?"

"ನೀವು ಓದಿದ್ದೂ ಅದೇ ಅಲ್ವಾ ಮಾವ?"

"ಅದಕ್ಕೇ ಹೇಳ್ತಿರೋದು."

"ಮತ್ತೆ ವಿಮೆ ಮಾರ್ತಿದ್ದೀರಲ್ಲ."

ಪಕ್ಕದ ಸಾಲಿನಲ್ಲಿ ಯಾರೋ ನಕ್ಕರು. ಮಾವ ಕತ್ತಿನ ಗುಂಡಿ ಸಡಿಲಿಸಿಕೊಂಡು, "ನಾಲಿಗೆ ಮಾತ್ರ ಅಕ್ಕನ ಕಡೆಯದಲ್ಲ ಇವಳದು" ಎಂದ.

ಮಗಳು ನಗಲಿಲ್ಲ. ಅವಳ ಕಣ್ಣು ಪರದೆಯ ಮೇಲೆ ನೆಟ್ಟಿತ್ತು. ಸಪ್ಲೈ ಚೈನ್ ಪಕ್ಕದ ಸಂಖ್ಯೆ ಕರಗುತ್ತಿತ್ತು. ಬೆಳಿಗ್ಗೆ ನಲವತ್ತಿದ್ದದ್ದು ಈಗ ಒಂದೇ ಅಂಕೆಗೆ ಇಳಿದಿತ್ತು. ಪ್ರತಿ ಸಲ ಅದು ಬದಲಾದಾಗಲೂ ಹುಡುಗಿ ಕುರ್ಚಿಯ ಅಂಚನ್ನು ಹಿಡಿಯುತ್ತಿದ್ದಳು. ಆ ಪದವಿ ಮುಗಿಸಿದವರನ್ನು ಕಂಪನಿಗಳು ಕಾಲೇಜಿಗೇ ಬಂದು ಕರೆದುಕೊಂಡು ಹೋಗುತ್ತವೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಅವರ ಸರದಿ ಬಂತು. ಮೇಜಿನ ಹಿಂದೆ ಕೂತ ಅಧಿಕಾರಿ ಐವತ್ತು ದಾಟಿದ ಹೆಂಗಸು. ಬೆಳಗಿನಿಂದ ಮಾತಾಡಿ ಗಂಟಲು ಒಡೆದಿತ್ತು.

"ಯಾವುದು?"

"ಸಪ್ಲೈ ಚೈನ್, ಮೇಡಂ."

"ಯಾಕೆ ಅದು? ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡ. ಹೋದ ವರ್ಷ ಅರ್ಧ ಜನ ಎರಡೇ ತಿಂಗಳಿಗೆ ಬದಲಾಯಿಸಿಕೊಡಿ ಅಂತ ಬಂದು ನಿಂತರು."

ಮಗಳು ಒಮ್ಮೆ ತಾಯಿಯ ಕಡೆ ನೋಡಿ, ಮತ್ತೆ ಮುಂದೆ ತಿರುಗಿದಳು. "ರಜೆಯಲ್ಲಿ ಅಮ್ಮನ ಕಾರ್ಖಾನೆಯ ರವಾನೆ ವಿಭಾಗದಲ್ಲಿ ಕೂತಿದ್ದೆ. ಕೆಮ್ಮಿನ ಔಷಧಿ ಮಾಡೋರಿಗೆ ಬಾಟಲಿ ಹೋಗಬೇಕಿತ್ತು. ಬಾಟಲಿ ಸಿದ್ಧವಾಗಿತ್ತು. ಮುಚ್ಚಳ ಇನ್ನೊಂದು ಊರಲ್ಲಿ ಸಿದ್ಧವಾಗಿತ್ತು. ಔಷಧಿಯೂ ಸಿದ್ಧವಾಗಿತ್ತು. ಲಾರಿಯವರು ಬಾಗಿಲಲ್ಲೇ ಮಲಗಿದ್ರು. ಯಾರೂ ತಪ್ಪು ಮಾಡಿರಲಿಲ್ಲ, ಯಾವ ಸಾಮಾನಿನಲ್ಲೂ ದೋಷ ಇರಲಿಲ್ಲ. ಆದ್ರೂ ಅಂಗಡಿಗೆ ಔಷಧಿ ಬರಲಿಲ್ಲ. ದೋಷ ಸಾಮಾನುಗಳ ಒಳಗಲ್ಲ, ಮಧ್ಯೆ ಇತ್ತು. ಅದನ್ನ ನೋಡೋದು ಕಲೀಬೇಕು ಅನ್ನಿಸ್ತು."

ಕಣ್ಣಕ್ಕ ಈ ಮಾತನ್ನು ಮೊದಲ ಸಲ ಕೇಳುತ್ತಿದ್ದಳು. ವಾರವಿಡೀ ಮಗಳನ್ನು ಇಷ್ಟು ಹೊತ್ತು ಮಾತಾಡಲು ಬಿಟ್ಟಿದ್ದರೆ ತಾನೆ? ಅವಳು ಆ ಮಾತನ್ನು ತಿರುಗಿಸಿ ತಿರುಗಿಸಿ ನೋಡಿದಳು. ಗುಳ್ಳೆ ಹುಡುಕಿದಳು, ಬಿರುಕು ಹುಡುಕಿದಳು. ಸಿಗಲಿಲ್ಲ. ಹಾದುಹೋಗಲಿ ಎಂದುಕೊಂಡಳು. ಎದೆಯಲ್ಲಿ ವಾರದಿಂದ ಕೂತಿದ್ದ ಭಾರ ಇಳಿದು ಕೈಗಳು ಸಡಿಲಾದವು. ಅವಳು ಸುಮ್ಮನೆ ನಿಂತಳು.

"ತಾಯಿಯವರು ಏನಂತೀರಿ?"

ಅವಳು ಮಗಳನ್ನೇ ನೋಡುತ್ತಿದ್ದಳು.

"ಅಮ್ಮಾ" ಎಂದಳು ಮಗಳು.

"ಒಪ್ಪಿಗೆ ಇದೆಯೋ ಇಲ್ವೋ?"

ಅವಳ ತಮ್ಮ ಮಧ್ಯೆ ಬಾಯಿ ಹಾಕಿದ. "ಮೇಡಂ, ಮನೆಯವರು ಇನ್ನೂ ಮಾತಾಡ್ಕೋಬೇಕು. ಅಕ್ಕನಿಗೆ ಮನಸ್ಸಿಲ್ಲ, ನೋಡಿ, ಮಾತೇ ಇಲ್ಲ."

"ಹಾಗಾದ್ರೆ ಆ ಕಡೆ ಕೂತಿರಿ. ಮತ್ತೆ ಕರೀತೀವಿ." ಅಧಿಕಾರಿ ಗುಂಡಿಯೊಂದನ್ನು ಒತ್ತಿ ಮುಂದಿನವರನ್ನು ಕರೆದಳು.

ಕಣ್ಣಕ್ಕ ನಿರಾಳವಾಗಿ ಹೋಗಿ ಗೋಡೆ ಪಕ್ಕದ ಬೆಂಚಿನಲ್ಲಿ ಕೂತಳು. ಕಾಗದಪತ್ರದ ಕೆಲಸಕ್ಕೆ ಕೂರಿಸಿದ್ದಾರೆ ಎಂದುಕೊಂಡಿದ್ದಳು. ಗಂಡನಿಗೆ ಫೋನು ಮಾಡೋಣವೆಂದು ಚೀಲಕ್ಕೆ ಕೈ ಹಾಕಿದವಳು ಪಕ್ಕಕ್ಕೆ ನೋಡಿದರೆ, ಮಗಳು ಬಾಯಿಗೆ ಕೈ ಒತ್ತಿಹಿಡಿದುಕೊಂಡು ಅಳುತ್ತಿದ್ದಳು.

"ಯಾಕೇ? ಸಿಕ್ತಲ್ಲ, ಈಗ್ಯಾಕೆ ಅಳ್ತೀಯ?"

ಮಗಳು ಕೈ ತೆಗೆದಳು. "ಏನು ಸಿಕ್ತು?"

"ನೀನು ಕೇಳಿದ್ದು."

"ನೀನು ಒಪ್ಪಲಿಲ್ಲವಲ್ಲ."

"ನಾನೆಲ್ಲಿ ಬೇಡ ಅಂದೆ?"

"ಹೂಂ ಅಂತಾನೂ ಅನ್ನಲಿಲ್ಲ." ಮಗಳ ದನಿ ತಗ್ಗಿತ್ತು, ಆದರೆ ಒಂದೊಂದು ಮಾತೂ ಹರಿತವಾಗಿತ್ತು. "ಕಂಬದ ಹಾಗೆ ನಿಂತಿದ್ದೆ. ಎರಡು ಸಲ ಕೇಳಿದ್ರು. ನಿನಗೆ ಬೇಡದ್ದು ಕಂಡ್ರೆ ಮಾತು ಬರತ್ತೆ. ಬೇಕಾದ್ದು ಕಂಡ್ರೆ ನೀನು ಏನು ಮಾಡ್ತೀಯ ಅಂತ ನನಗೆ ಇವತ್ತಿನವರೆಗೂ ಗೊತ್ತಿಲ್ಲ. ಶಾಲೆಯಲ್ಲಿ ಮೊದಲು ಬಂದಾಗಲೂ ನೀನು ಸುಮ್ನೇ ಇದ್ದೆ."

"ಚೆನ್ನಾಗಿದ್ದದ್ದಕ್ಕೆ ಏನು ಹೇಳೋದು? ಅದು ಹೋಗತ್ತೆ..." ಎಂದವಳು ಅಲ್ಲಿಗೇ ನಿಂತಳು. ತಾನು ಏನು ಮಾಡಿಬಿಟ್ಟೆ ಎಂಬುದು ಆಗ ಹೊಳೆಯಿತು. ಕಾರ್ಖಾನೆಯಲ್ಲಿ ಅವಳ ಕೈ ಸುಮ್ಮನಿರುವುದೇ ಒಪ್ಪಿಗೆ. ಇಲ್ಲಿ ಅದು ಯಾರಿಗೆ ಗೊತ್ತು? ಹೆತ್ತ ಮಗಳಿಗೇ ಗೊತ್ತಿರಲಿಲ್ಲ.

ಪರದೆಯ ಮೇಲೆ ಸಪ್ಲೈ ಚೈನ್ ಪಕ್ಕದಲ್ಲಿ ಮೂರು ಎಂದಿತ್ತು.

ಅವಳು ಎದ್ದು ಮೇಜಿನತ್ತ ಬಿರಬಿರನೆ ನಡೆದಳು. ಸಾಲು ನೋಡಿಕೊಳ್ಳುತ್ತಿದ್ದ ಜವಾನ ಅಡ್ಡ ಬಂದ. "ಅಮ್ಮಾ, ಕರೆದಾಗ ಬನ್ನಿ."

"ಒಂದು ಮಾತು ಹೇಳ್ತೀನಿ, ಅಷ್ಟೇ. ಒಪ್ಪಿಗೆ ಇದೆ ಅಂತ."

"ಎಲ್ಲರದೂ ಒಂದೇ ಮಾತು ತಾನೇ ಇಲ್ಲಿ. ಈ ಗುಂಪು ಮುಗೀಲಿ."

"ಆಗ ನಾನು ಹೇಳ್ಲಿಲ್ಲ, ನನ್ನ ತಪ್ಪು..."

ಅಧಿಕಾರಿ ಕತ್ತೆತ್ತಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. "ನಿಮ್ಮನ್ನ ಈಗ ಒಳಗೆ ಬಿಟ್ರೆ ಇಲ್ಲಿ ಕೂತಿರೋ ಇಷ್ಟೂ ಜನಕ್ಕೆ ನಾನು ಏನು ಹೇಳಲಿ? ಕೂತಿರಿ."

ಕೂರಲು ಆಗಲಿಲ್ಲ. ಅವಳು ಕಂಬಕ್ಕೆ ಒರಗಿ ನಿಂತು, ಮೇಜಿಗೆ ಹೋಗುವ ಒಬ್ಬೊಬ್ಬರ ಬಾಯನ್ನೇ ನೋಡತೊಡಗಿದಳು. ಕನ್ನಡಕದ ಹುಡುಗಿ ಅಕೌಂಟಿಂಗ್ ಎಂದಳು, ಮೂರು ಹಾಗೇ ಉಳಿಯಿತು. ಅವಳಿ ಅಣ್ಣತಮ್ಮಂದಿರು ಬಂದು ಇಬ್ಬರೂ ಒಂದೇ ಕಾಲೇಜು ಎಂದು ಹಟ ಹಿಡಿದು, ಒಬ್ಬ ಮಾರ್ಕೆಟಿಂಗ್, ಒಬ್ಬ ಸಪ್ಲೈ ಚೈನ್ ತೆಗೆದುಕೊಂಡರು. ಎರಡು. ಆಮೇಲಿನವಳು ಬಾಯಿ ತೆರೆಯುವ ಮೊದಲೇ ಅವಳ ಅಪ್ಪ ಹೇಳಿಬಿಟ್ಟ. ಒಂದು.

ತಮ್ಮ ಅವಳ ಪಕ್ಕಕ್ಕೆ ಬಂದು ನಿಂತ. "ನೋಡಕ್ಕಾ, ಒಂದು ರೀತಿಯಲ್ಲಿ ಒಳ್ಳೇದೇ ಆಯ್ತು. ನಾನು ಇಲ್ಲದಿದ್ರೆ..."

"ನೀನು ಇಲ್ಲದಿದ್ರೆ ಚೆನ್ನಾಗಿತ್ತು" ಎಂದಳು ಅವಳು, ಕಣ್ಣು ಕೀಳದೆ.

ಗುಂಪಿನ ಕೊನೆಯವನು ಕೆದರಿದ ಕೂದಲಿನ ಹುಡುಗ. ಅವನ ಅಜ್ಜಿ ಕೈ ಹಿಡಿದು ನಿಂತಿದ್ದಳು. "ಯಾವುದಕ್ಕೆ ಬೇಗ ಕೆಲಸ ಸಿಗತ್ತೋ ಅದು ಕೊಡಿ" ಎಂದಳು ಅಜ್ಜಿ. ಹುಡುಗ ಪರದೆಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದ. ಕಣ್ಣಕ್ಕನಿಗೆ ಓಡಿಹೋಗಿ ಅವನ ಬಾಯಿ ಮುಚ್ಚಬೇಕೆನಿಸಿತು. ಅವನು ಸಪ್ಲೈ ಚೈನ್ ಎಂದ. ಅಜ್ಜಿ ಹೂಂ ಎಂದಳು, ಸಭಾಂಗಣಕ್ಕೆಲ್ಲ ಕೇಳುವ ಹಾಗೆ.

ಸೊನ್ನೆ.

ಪಕ್ಕಕ್ಕೆ ಕೂತವರನ್ನು ಕರೆದಾಗ ಮಗಳು ಮುಖ ತೊಳೆದುಕೊಂಡು ಬಂದಿದ್ದಳು. ತಾಯಿಗೂ ಅವಳಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತಳು.

"ಇಲ್ಲಿನದು ಮುಗೀತು" ಎಂದಳು ಅಧಿಕಾರಿ. "ಅಕೌಂಟಿಂಗ್ ಇಲ್ಲೇ ಇದೆ. ಇಲ್ಲಾಂದ್ರೆ ಸಪ್ಲೈ ಚೈನೇ ಬೇಕು ಅಂದ್ರೆ ಊರಾಚೆಯ ಕಾಲೇಜಿನಲ್ಲಿ ಇದೆ. ಪದವಿ ಅದೇ, ಪಾಠ ಅದೇ. ಆದ್ರೆ ಸುಳ್ಳು ಹೇಳಲ್ಲ, ಇಲ್ಲಿಗೆ ಬರೋ ಕಂಪನಿಗಳು ಅಲ್ಲಿಗೆ ಬರಲ್ಲ. ಕೆಲಸ ನೀವೇ ಹುಡುಕ್ಕೋಬೇಕು."

"ಇಲ್ಲೇ ಅಕೌಂಟಿಂಗ್" ಎಂದ ಮಾವ. ಯಾರೂ ಅವನ ಕಡೆ ತಿರುಗಲಿಲ್ಲ.

ಆಗ ಅಷ್ಟು ಸಲೀಸಾಗಿ ಹೇಳಿದ್ದ ಮಗಳಿಗೆ ಈಗ ಧೈರ್ಯ ಇರಲಿಲ್ಲ. ಕೆಲಸ ಸಿಗದ ಪದವಿ ತೆಗೆದುಕೊಂಡು ಮನೆಯಲ್ಲಿ ಕೂರುವುದು ಅವಳ ಕಣ್ಣಿಗೂ ಕಂಡಿತ್ತು. ಅವಳು ತಾಯಿಯ ಕಡೆ ತಿರುಗಿದಳು. "ಈ ಸಲ ಮೊದಲು ನೀನು ಹೇಳು."

ಇಷ್ಟು ವರ್ಷದಲ್ಲಿ ಕಣ್ಣಕ್ಕನನ್ನು ಯಾರೂ ಹೀಗೆ ಕೇಳಿರಲಿಲ್ಲ.

"ದೂರ. ಎರಡು ಬಸ್ಸು ಬದಲಾಯಿಸಬೇಕು" ಎಂದಳು. "ಕಂಪನಿಯವರು ಬರಲ್ಲ. ನೀನೇ ಬಾಗಿಲು ಬಾಗಿಲು ತಟ್ಟಬೇಕು, ಹತ್ತು ಕಡೆ ಇಲ್ಲ ಅಂತಾರೆ. ಇಲ್ಲಿ ಸಿಕ್ಕಿದ್ರೆ ಇದ್ಯಾವುದೂ ಇರ್ತಿರಲಿಲ್ಲ, ಅದು ನನ್ನಿಂದಲೇ ಹೋಯ್ತು." ಅವಳು ಮೇಜಿನ ಅಂಚು ಹಿಡಿದುಕೊಂಡಳು. "ಇಷ್ಟೆಲ್ಲ ಕಾಣ್ತಾ ಇದೆ ನನಗೆ. ಆದ್ರೂ ನೀನು ಆ ಔಷಧಿ ಬಾಟಲಿ ವಿಷಯ ಹೇಳಿದೆಯಲ್ಲ, ಅದು ಚೆನ್ನಾಗಿತ್ತು. ತುಂಬ ಚೆನ್ನಾಗಿತ್ತು. ಅದನ್ನ ಓದೋದು ಬೇಕು ಅನ್ನಿಸಿದ್ರೆ ಅಲ್ಲಿಗೆ ಹೋಗು. ಬೇಡ ಅನ್ನಿಸಿದ್ರೆ ಇಲ್ಲೇ ಇರು. ಎರಡಕ್ಕೂ ನನ್ನ ಒಪ್ಪಿಗೆ ಇದೆ. ಬಾಯಿಬಿಟ್ಟು ಹೇಳ್ತಿದ್ದೀನಿ."

ಮಗಳು ಪರದೆಯ ಮೇಲಿನ ಅಕೌಂಟಿಂಗ್ ಸಾಲನ್ನು ಎರಡು ಸಲ ಓದಿದಳು. ಹಿಂದಿನವರು ಗೊಣಗಿದರು, ಅಧಿಕಾರಿ ಅವಸರ ಮಾಡಲಿಲ್ಲ.

"ಊರಾಚೆಯದು" ಎಂದಳು ಮಗಳು.

"ಒಪ್ಪಿಗೆ" ಎಂದಳು ಕಣ್ಣಕ್ಕ, ಅಧಿಕಾರಿ ಕೇಳುವ ಮೊದಲೇ.

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ತಮ್ಮ ಯಾರನ್ನೋ ಕಾಣಬೇಕೆಂದು ಮೆಟ್ಟಿಲಲ್ಲೇ ಜಾರಿಕೊಂಡ. ತಾಯಿ ಮಗಳು ನಿಲ್ದಾಣದತ್ತ ನಡೆದರು. ಮಗಳು ಎರಡು ಹೆಜ್ಜೆ ಮುಂದೆ.

"ಕೋಪ ಹೋಗಿಲ್ಲ ನನಗೆ" ಎಂದಳು, ಹಿಂದೆ ತಿರುಗದೆ.

"ಇರಲಿ."

"ಬೇಗ ಹೋಗಲ್ಲ."

"ಗೊತ್ತು. ಆ ಕಾಲೇಜಿನ ಬಸ್ಸು ಎಲ್ಲಿ ನಿಲ್ಲತ್ತೆ ಅಂತ ಕೇಳೋಣ. ಇವತ್ತೇ ಒಂದು ಸಲ ಹೋಗಿ ನೋಡಿ ಬರೋಣ."

"ನೋಡಿ ಏನು ಮಾಡ್ತೀಯ? ತಪ್ಪು ಹುಡುಕ್ತೀಯ."

"ಹುಡುಕ್ತೀನಿ" ಎಂದಳು ಕಣ್ಣಕ್ಕ. "ಸಿಗದಿದ್ರೆ ಅದನ್ನೂ ಹೇಳ್ತೀನಿ."

ಮಗಳು ನಿಂತಳು. ತಾಯಿ ಬಂದು ಸೇರುವವರೆಗೆ ಕಾದು, ಎದುರಿಗಿದ್ದ ಬಸ್ಸಿನ ಫಲಕವನ್ನು ಓದತೊಡಗಿದಳು.