ಮಧ್ಯದ ಡಬ್ಬ

"ಸ್ಪೀಕರ್ ಇನ್ನೊಂಚೂರು ಮುಂದಕ್ಕೆ ಎಳಿ. ಹಿಂದೆ ಕೂತವರಿಗೂ ಕೇಳಬೇಕು," ಎಂದು ಹೆಂಡತಿಗೆ ಹೇಳುತ್ತ ಮಗ ಟಿ.ವಿ.ಯ ಕೆಳಗಿನ ಉದ್ದನೆಯ ಕಪ್ಪು ಡಬ್ಬವನ್ನು ಕರವಸ್ತ್ರದಿಂದ ಒರೆಸುತ್ತಿದ್ದ. ಎರಡು ಮಾರು ಆಚೆಗೆ ಅಪ್ಪನ ಹೆಣವಿತ್ತು. ಗೋಡೆಗೊರಗಿ ಕೂತು ಗಂಡನ ಹಣೆಯ ಮೇಲಿನ ನೊಣ ಓಡಿಸುತ್ತಿದ್ದ ತಾಯಿ ಆ ಕರವಸ್ತ್ರವನ್ನೇ ನೋಡುತ್ತಿದ್ದಳು. ಬೆಳಗಿನಿಂದ ಅದಕ್ಕೆ ಕಣ್ಣೀರು ತಾಗಿರಲಿಲ್ಲ. ಈಗ ದೂಳಾದರೂ ತಾಗಿತು.

"ಅಪ್ಪ ನಮಗೆಲ್ಲ ಕೊನೇ ಮಾತು ಹೇಳಿ ಹೋಗಿದಾರೆ," ಎಂದು ಮಗ ಬಂದವರ ಕಡೆ ತಿರುಗಿದ. "ಆಸ್ಪತ್ರೆ ಸೇರೋ ಮುಂಚೇದು, ಮಗಳ ಫೋನಲ್ಲಿ ಸಿಕ್ತು. ಗಾಡಿ ಬರೋ ಮುಂಚೆ ಒಟ್ಟಿಗೆ ಕೇಳೋಣ."

"ಅಪ್ಪಾ, ಅದು ಬೇಡ," ಎಂದಳು ಮೊಮ್ಮಗಳು ಬಾಗಿಲಿನಿಂದ.

"ಸುಮ್ನಿರು. ನಿಂಗೇನು ಗೊತ್ತಾಗತ್ತೆ?"

"ನೀನು ಕೇಳಿದ್ಯೇನೋ?" ಎಂದಳು ತಾಯಿ.

"ಪುರುಸೊತ್ತೆಲ್ಲಿತ್ತಮ್ಮ? ಶುರು ಒಂದಿಷ್ಟು ಕೇಳ್ದೆ, ಅಳು ಬಂತು, ನಿಲ್ಲಿಸ್ಬಿಟ್ಟೆ."

ಆಕೆ ಗಂಡನ ಮುಖದ ಕಡೆ ತಿರುಗಿದಳು. ಗಂಡ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಬಾಯೊಳಗೆ ಕೊಳವೆ ಇಟ್ಟುಕೊಂಡೇ ಹೋಗಿದ್ದ. ಆ ದನಿ ಇನ್ನೊಂದೇ ಒಂದು ಸಲ ಕಿವಿಗೆ ಬೀಳಲಿ, ಈ ಮುಖ ಕಣ್ಣೆದುರು ಇರುವಾಗಲೇ ಬೀಳಲಿ ಎಂದು ಬೆಳಗಿನಿಂದ ದೇವರನ್ನು ಬೇಡುತ್ತಿದ್ದಳು.

ದನಿ ಬಂತು. ತಗಡಿನ ಮೇಲೆ ಮರಳು ಉಜ್ಜಿದ ಹಾಗೆ ಬಂತು. ಒಂದು ಅಕ್ಷರವೂ ತಿಳಿಯಲಿಲ್ಲ. ಮಗ ಸೌಂಡು ಏರಿಸಿದ, ಮರಳು ಜಲ್ಲಿಯಾಯಿತು. ಎದುರುಮನೆಯ ವಕೀಲರು ಮಾತ್ರ ಎಲ್ಲ ಅರ್ಥವಾದವರಂತೆ ತಲೆದೂಗಿ, "ಎಂಥಾ ಮಾತು! ಇಂಥವರು ಈಗೆಲ್ಲಿ ಸಿಗ್ತಾರೆ?" ಎಂದು ಕಣ್ಣೊರೆಸಿಕೊಂಡರು.

"ಕೊನೆಕೊನೆಗೆ ಅಪ್ಪನ ಗಂಟಲೇ ಹೋಗಿತ್ತು," ಎಂದ ಮಗ.

*

ತೀರಿಕೊಂಡಾತ ಊರಿಗೆಲ್ಲ ಕಿವಿಮೇಷ್ಟ್ರು. ಬಸ್ ನಿಲ್ದಾಣದ ಹಿಂದೆ ಸ್ಪೀಕರ್ ರಿಪೇರಿಯ ಅಂಗಡಿ. ಶಾಲೆಯವರು, ಸಭಾಂಗಣದವರು ಹೊತ್ತು ತಂದ ಡಬ್ಬದ ಮುಂದೆ ಮೊದಲು ಕಣ್ಣುಮುಚ್ಚಿ ಕೂರುತ್ತಿದ್ದ. ಆಮೇಲೆ ಮುಂದಿನ ಬಟ್ಟೆ ಸರಿಸಿ, ಒಳಗಿನ ಕಾಗದದ ಬಟ್ಟಲನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ಕಿವಿ ತಗ್ಗಿಸುತ್ತಿದ್ದ. ಕೂಸಿನ ಎದೆ ಮುಟ್ಟಿದ ಹಾಗೆ. ಒಳಗಿನ ತಂತಿಯ ಸುರುಳಿ, ಕಾಯಿಲ್, ಉಜ್ಜುತ್ತಿದ್ದರೆ ಗರ್ ಎನ್ನುವುದು. ಬಳಿಕ ಒಂದು ಚೀಟಿಯಲ್ಲಿ ರೋಗ, ಕಾರಣ, ಮದ್ದು ಎಂದು ಮೂರು ಸಾಲು ಹಾಕಿ ಡಬ್ಬದ ಬೆನ್ನಿಗೆ ಅಂಟಿಸುವುದು. ಮೂರನೆಯ ಸಾಲು ತುಂಬದೆ ಯಾವ ಡಬ್ಬವೂ ಆ ಅಂಗಡಿಯ ಹೊಸಿಲು ದಾಟಿದ್ದಿಲ್ಲ.

ಅಂಥವನ ಮನೆಗೆ ಮಗ ಹೋಂ ಥಿಯೇಟರ್ ತಂದ. ಐದು ಡಬ್ಬ, ಸಿನಿಮಾದವರ ಮಾತೆಲ್ಲ ಬರುವುದು ಮಧ್ಯದ್ದರಲ್ಲಿ. ಆರು ತಿಂಗಳಿಗೆ ಆ ಮಾತು ಒಡೆಯತೊಡಗಿತು.

"ಒಳಗೆ ಕಾಯಿಲ್ ಉಜ್ತಿದೆ ಕಣೋ. ಸೌಂಡು ಏರ್ಸಿ ಏರ್ಸಿ ಬೇಯಿಸಿದೀಯ. ಬಿಚ್ಲಾ?"

"ಮುಟ್ಟಬೇಡಿ! ವಾರಂಟಿ ಹೋಗತ್ತೆ. ಇದು ನಿಮ್ಮಂಗಡಿ ಡಬ್ಬ ಅಲ್ಲ. ಕೆಟ್ಟಿರೋದು ನಿಮ್ಮ ಕಿವಿ."

ಸೊಸೆ ಕಿಸಕ್ಕನೆ ನಕ್ಕಳು. ಮಾರನೆಯ ವಾರದಿಂದ ಮಗನೆಂಬ ಆ ಮಹಾನುಭಾವ, ತನ್ನದೇ ಭಾಷೆಯ ಸಿನಿಮಾಕ್ಕೆ ಕೆಳಗೆ ಅಕ್ಷರ ಹಾಕಿಕೊಂಡು, ಶಾಲೆಯ ಮಕ್ಕಳ ಹಾಗೆ ಓದತೊಡಗಿದ. ಆದರೂ ಕೆಟ್ಟದ್ದು ಅಪ್ಪನ ಕಿವಿಯೇ.

"ನೀನು ಹೇಳೇ, ಒಡೀತಿಲ್ವಾ?" ಎಂದು ಆತ ಹೆಂಡತಿಯನ್ನು ಕೇಳಿದ್ದ.

"ನಂಗೆ ಸರಿಯಾಗೇ ಕೇಳ್ತಿದೆಯಪ್ಪ. ವಯಸ್ಸಾಯ್ತಲ್ಲ ನಿಮಗೂ."

ಆತ ಒಂದು ಗಳಿಗೆ ಆಕೆಯ ಮುಖ ನೋಡಿದ. ಎದ್ದು ಹೋಗಿ ಹೊರಗೆ ಮೆಟ್ಟಿಲ ಮೇಲೆ ಕೂತ. ಮುಂದೆ ಸಿನಿಮಾ ಹಾಕಿದಾಗಲೆಲ್ಲ ಅಲ್ಲೇ ಕೂತ.

*

"ನಿಲ್ಸೋ ಅದನ್ನ," ಎಂದಳು ತಾಯಿ, ಹೆಣದ ಪಕ್ಕದಿಂದ. "ಗಿಡ್ಡಣ್ಣಾ, ಒಳಗೆ ಬಾ."

ಅಂಗಡಿಯಲ್ಲಿ ಮೇಷ್ಟ್ರ ಪಕ್ಕ ಮೂವತ್ತು ವರ್ಷ ಕೂತು ಕಾಯಿಲ್ ಸುತ್ತಿದ ಗಿಡ್ಡಣ್ಣನನ್ನು ಯಾರೂ ಕೂರಲು ಕರೆದಿರಲಿಲ್ಲ. ಚಪ್ಪಲಿಗಳ ನಡುವೆ ನಿಂತಿದ್ದವನು ಒಳಗೆ ಬಂದ.

"ಏನಾಗಿದೆ ನೋಡು."

"ನೋಡೋದೇನಕ್ಕ? ಮೆಟ್ಟಿಲಿಗೇ ಕೇಳಿಸ್ತು."

"ಅಮ್ಮಾ, ವಾರಂಟಿ..." ಎಂದ ಮಗ.

ಆಕೆ ಅವನನ್ನು ನೋಡಿದಳು. ಅಂಗಾಲಿಗೆ ಮೆತ್ತಿಕೊಂಡದ್ದನ್ನು ನೋಡುವ ಹಾಗೆ ನೋಡಿದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ.

ಗಿಡ್ಡಣ್ಣ ಮಧ್ಯದ ಡಬ್ಬದ ವೈರು ಕಿತ್ತು ಎಡಗಡೆಯ ಡಬ್ಬಕ್ಕೆ ಸಿಕ್ಕಿಸಿದ. ಅಷ್ಟೇ. ಮೊಮ್ಮಗಳು ಫೋನು ಒತ್ತಿದಳು. ಮೇಷ್ಟ್ರೇ ಎದ್ದು ಕೂತು ಮಾತಾಡಿದ ಹಾಗಾಯಿತು.

"ಪುಟ್ಟೀ, ರೆಕಾರ್ಡ್ ಆಗ್ತಿದ್ಯಾ? ಆಗ್ಲಿ. ನಿಮ್ಮಪ್ಪನಿಗೆ ಕೇಳಿಸು. ಮಧ್ಯದ ಡಬ್ಬದ ವೈರು ತೆಗೆದು ಎಡಗಡೇದಕ್ಕೆ ಹಾಕಿ ನೋಡ್ಲಿ. ಮಾತು ಸರಿಯಾಗಿ ಬಂತೋ, ರೋಗ ಡಬ್ಬದ್ದು, ನನ್ನ ಕಿವೀದಲ್ಲ. ಎರಡು ನಿಮಿಷದ ಕೆಲಸ. ಆದ್ರೆ ಅವನು ಮಾಡಲ್ಲ. ಅವನಿಗೆ ಸದ್ದಿದ್ರೆ ಸಾಕು, ಮಾತ್ಯಾಕೆ?" ಒಂದು ಕೆಮ್ಮು. "ನಿಮ್ಮಜ್ಜಿಗೂ ಹೇಳು... ಬೇಡ, ಬಿಡು. ಅವಳಿಗೆ ಮೊದಲಿಂದ್ಲೂ ಕೇಳಿಸ್ತಿತ್ತು. ಮುಖ ನೋಡಿದ್ರೆ ಗೊತ್ತಾಗಲ್ವಾ ನಂಗೆ?"

ವಕೀಲರ ಕರವಸ್ತ್ರ ಕೆನ್ನೆಯ ಮೇಲೇ ನಿಂತಿತು. ಸೊಸೆ ಒಳಗೆ ಏನೋ ಕೆಲಸವಿದ್ದವಳಂತೆ ಹೋದಳು. ಮಗ ರಿಮೋಟು ಹುಡುಕುತ್ತಿದ್ದ.

ಕೇಳಿಸುತ್ತಿತ್ತು. ಮಾತು ಒಡೆಯುವುದು ಆಕೆಗೆ ಮೊದಲ ದಿನದಿಂದ ಕೇಳಿಸುತ್ತಿತ್ತು. ಮಗನ ಮುಖ ಸಿಂಡರಿಸದಿರಲಿ ಎಂದು ಗಂಡನ ಕಿವಿಯನ್ನು ಬಲಿ ಕೊಟ್ಟುಬಿಟ್ಟಿದ್ದಳು. ಇಷ್ಟು ಹೊತ್ತೂ ಈ ಮನೆಯವರನ್ನೆಲ್ಲ ಹೇಸಿಗೆಯಿಂದ ನೋಡುತ್ತಿದ್ದವಳಿಗೆ ಈಗ ನೋಡಲು ತನ್ನ ಎರಡು ಕೈ ಮಾತ್ರ ಉಳಿದವು. ದೇವರು ಬೇಡಿದ್ದನ್ನು ಕೊಟ್ಟಿದ್ದ.

ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. ಗಿಡ್ಡಣ್ಣ ಮಧ್ಯದ ಡಬ್ಬವನ್ನು ತಿರುಗಿಸಿ ಆಕೆಯ ಮುಂದೆ ಹಿಡಿದ. ಗೋಡೆಯ ಕಡೆಗಿದ್ದ ಬೆನ್ನಿನಲ್ಲಿ ಗಂಡನ ಕೈಬರಹದ ಪೆನ್ಸಿಲಿನ ಚೀಟಿ. ರೋಗ: ಮಾತು ಒಡೆಯುತ್ತದೆ. ಕಾರಣ: ಕಾಯಿಲ್ ಉಜ್ಜುತ್ತಿದೆ. ಮದ್ದು ಎಂದು ಬರೆದು ಮುಂದೆ ಖಾಲಿ ಬಿಟ್ಟಿತ್ತು.

ಹೆಣ ಎತ್ತಿದರು. ಹಿಂದೆಯೇ ಆಕೆ ಡಬ್ಬವನ್ನು ಎದೆಗವಚಿಕೊಂಡು ಗಾಡಿ ಹತ್ತಿದಳು.

"ಅಮ್ಮಾ, ಅದ್ಯಾಕೆ ಅಲ್ಲಿಗೆ? ನೋಡಿದೋರು ಏನಂತಾರೆ?" ಎಂದ ಮಗ ಕೆಳಗಿನಿಂದ.

ಗಾಡಿ ಹೊರಟಿತು. ಗಂಡನ ಕಾಲ ಬಳಿ ಕೂತ ಆಕೆ ಡಬ್ಬದ ಮುಂದಿನ ಬಟ್ಟೆಯನ್ನು ಸರಿಸಿ, ಕಾಗದದ ಬಟ್ಟಲಿನ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿದಳು. ಕಿವಿ ತಗ್ಗಿಸಿದಳು. ಗರ್ ಎಂದಿತು. ಬೆರಳು ತೆಗೆದಳು. ಮತ್ತೆ ಒತ್ತಿದಳು.