ಬಿಚ್ಚದ ಬುತ್ತಿ

ಬೈಲಹೊಂಗಲದಾಗ ಮರೆವ್ವನ ಖಾನಾವಳಿ ಎಲ್ಲೈತಿ ಅಂತ ಯಾರನ್ನರ ಕೇಳ್ರಿ, ಕೈ ಮಾಡಿ ತೋರಸ್ತಾರು. ಆ ಮರೆವ್ವ ನಾನಾ. ನನ್ನ ಕಡಿಂದ ಯಾರೂ ಅರೆಹೊಟ್ಟಿಲೆ ಎದ್ದು ಹೋಗಿಲ್ಲ. ಸಾಕು ಅಂದಾವ್ರಿಗೂ ಇನ್ನೊಂದು ರೊಟ್ಟಿ ಒಗದು, ಬೈದು ಉಣಿಸೇನಿ. ಅಂಥಾ ನನ್ನ ಒಂದು ನಾಯಿ, ಒಂದು ಮುದಿ ನಾಯಿ, ಸೋಲಿಸಿ ಕುಂಡ್ರಿಸಿತು ನೋಡ್ರಿ.

ತಂದಾಕಿ ನಮ್ಮ ಅಣ್ಣನ ಮಗಳು ಪ್ರಜ್ಞಾ. ಗಾಯ ಆದ ದನ, ದಿಕ್ಕಿಲ್ಲದ ನಾಯಿ, ಎಲ್ಲಾ ಆಕೀಗೇ ಬೇಕು. "ಅತ್ತಿ, ಇದಕ್ಕೊಂದು ಮನಿ ಸಿಗೂತನಾ ಇಟಗೊ, ಒಂದಿಷ್ಟ ದಿನ ಅಷ್ಟ" ಅಂತ ಟಂಟಂ ಗಾಡ್ಯಾಗಿಂದ ಇಳಿಸಿದ್ಲು. ಕುರುಬರ ನಾಯಿ. ಕರುವಿನಷ್ಟ ಎತ್ತರ, ಮೂತಿ ಬೆಳ್ಳಗಾಗಿತ್ತು, ಒಂದು ಕಿವಿ ಹರಿದಿತ್ತು. ಅದರ ಮಾಲಕ, ಕುರಿ ಕಾಯೋ ಮುದುಕ, ನವಿಲುತೀರ್ಥದ ಕೆನಾಲ ದಂಡಿಮ್ಯಾಲೆ ಎದಿ ಹಿಡಕೊಂಡು ಬಿದ್ದು ಸತ್ತಿದ್ದ. ಅವನ ಮಂದಿ ಮರದಿನ ಬಂದು ಹೆಣಾನೂ ಒಯ್ದ್ರು, ಕುರಿಗೋಳನ್ನೂ ಒಯ್ದ್ರು. ನಾಯಿ ಮಾತ್ರ ಆ ಜಾಗಾ ಬಿಟ್ಟು ಏಳಲಿಲ್ಲಂತ.

"ಕಂಬಳಿ, ತಂಬಿಗಿ ಎಲ್ಲಾ ದೂರ ಬನ್ನಿ ಗಿಡದ ಬುಡಕ ಇದ್ದೂ ಅತ್ತಿ. ಬುತ್ತಿ ಗಂಟಷ್ಟ ಸತ್ತಾವನ ಕೈ ಹಂತೇಕ ಇತ್ತು" ಅಂದ್ಲು ಪ್ರಜ್ಞಾ. "ಅದಕ್ಕೆಲ್ಲಾ ಹಲ್ಲಿನ ಗುರ್ತು. ಪಾಪ, ಹಸದು ಬಿಚ್ಚಾಕ ನೋಡಿರಬೇಕು, ಬಿಚ್ಚಾಕ ಬಂದಿಲ್ಲ."

"ಬರ್ರಿ ಸಾಹೇಬ್ರ, ಇಲ್ಲಿ ಬಿಚ್ಚೇ ಹಾಕತೇನಿ" ಅಂದೆ ನಾನು. ಅವತ್ತಿಂದ ಅವನ ಹೆಸರು ಸಾಹೇಬ.

ಹೊಸದಾಗಿ ಬಂದಾವ ಬೀಗ ಇದ್ದಂಗ. ಮುಂಜಾನೆ ಒಲಿ ಹಚ್ಚಿದ ಕೂಡ್ಲೆ ಮೊದಲನೇ ರೊಟ್ಟಿ ಸಾಹೇಬಗ. ಹಿತ್ತಲದಾಗ ಗಂಗಾಳ ಇಟ್ಟು ಕರದೆ. ಮೂಸಿದ, ನನ್ನ ಮಾರಿ ನೋಡಿದ, ಹಿಂದಕ ಸರದು ಕುಂತ. ಹಾಲು ಹಾಕಿದೆ, ತತ್ತಿ ಒಡದು ಹಾಕಿದೆ, ಕೋಳಿ ಸಾರು ಕಲಸಿ ಹಾಕಿದೆ. ಊಹೂಂ! ನೀರಷ್ಟ ಕುಡದು ಗ್ವಾಡಿ ಹಂತೇಕ ಕುಂಡ್ರತಿದ್ದ. ಗಿರಾಕಿಗೋಳು ಹೋದ ಮ್ಯಾಲೆ ನಾ ಒಳಗ ಒಲಿ ಮುಂದ ನಿಂತ ನಿಂತ ಎರಡು ತುತ್ತು ಬಾಯಾಗ ಹಾಕ್ಕೊಂಡು ಮತ್ತ ಹಿತ್ತಲಕ ಓಡತಿದ್ದೆ. ಅಷ್ಟರಾಗ ಗಂಗಾಳಕ್ಕ ಇರಿವಿ ಮುತ್ತಿರತಿದ್ದೂ.

ದನದ ದವಾಖಾನಿ ಡಾಕ್ಟರು ಸಲಾಯಿನ್ ಹಚ್ಚಿದ್ರು. "ಜಡ್ಡೇನೂ ಇಲ್ಲ ಮರೆವ್ವ. ಉಣ್ಣಾಕ ಒಲ್ಲೆ ಅಂತದ, ಅಷ್ಟ. ಸೂಜಿ ಮ್ಯಾಲೆ ಎಷ್ಟ ದಿನ ಇಡೂದು? ಉಂಡ್ರ ಉಳೀತದ, ಇಲ್ಲಂದ್ರ ಇಲ್ಲ" ಅಂದ್ರು.

ನಮ್ಮ ಮನಿಯವ್ರೂ ಕಡೀಕ ಹಿಂಗ ಬಾಯಿ ಮುಚ್ಚಿದ್ರು. ಗಂಜಿ ಚಮಚಾ ತುಟಿಗೆ ಹಿಡದು ಕುಂತಿದ್ದೆ, ಎಲ್ಲಾ ಗಲ್ಲದ ಮ್ಯಾಲೆ ಇಳದು ಹೋತು. ಊರಿಗೆಲ್ಲಾ ಉಣಿಸಿದಾಕಿ ಗಂಡಗ ಒಂದು ತುತ್ತು ಉಣಿಸಾಕ ಆಗಲಿಲ್ಲ ಅನ್ನೂ ಸಂಕಟ ಇನ್ನೂ ಹೊಟ್ಟ್ಯಾಗ ಉರೀತೈತಿ. ಇನ್ನೊಂದು ಜೀವ ನನ್ನ ಕಣ್ಣ ಮುಂದ ಹಂಗ ಹೋಗೂದು ನೋಡೂದು ನನ್ನ ಕಡಿಂದ ಆಗಂಗಿಲ್ಲ.

ಅದಕ್ಕ ಸವದತ್ತಿ ದಿಕ್ಕಿಗೆ ಮಾರಿ ಮಾಡಿ ಎಲ್ಲವ್ವಗ ಹರಕಿ ಹೊತ್ತೆ. "ತಾಯಿ, ಈ ಮೂಕ ಜೀವ ಉಣ್ಣೂತನಾ ನಾನೂ ಉಣ್ಣಂಗಿಲ್ಲ. ನೀರು ಬಿಟ್ಟು ಏನೂ ಮುಟ್ಟಂಗಿಲ್ಲ."

ಪ್ರಜ್ಞಾಳ ಮನ್ಯಾಗ ಬುದ್ಧನ ಫೋಟೊ ಒಂದ ಇರೂದು, ಹರಕಿ-ಗಿರಕಿ ಅಂದ್ರ ಆಕೀಗೆ ಆಗಿ ಬರೂದಿಲ್ಲ. ಹರಕಿ ಸುದ್ದಿ ಕೇಳಿ ಫೋನಿನ್ಯಾಗ ಹಾರ್ಯಾಡಿದ್ಲು. "ಅತ್ತಿ, ತೆಲಿ ಕೆಟ್ಟೈತೇನ? ನೀ ಉಪಾಸ ಬಿದ್ರ ನಾಯಿ ಹೊಟ್ಟಿ ತುಂಬತೈತೇನ?"

"ನಿಂದು ನೀ ನೋಡ್ಕೊ, ನಂದು ನಾ ನೋಡ್ಕೋತೇನಿ" ಅಂತ ಫೋನ ಇಟ್ಟೆ. ಹಟದಾಗ ನನ್ನ ಗೆದ್ದಾವ್ರಿಲ್ಲ.

ಮರದಿನ ಹಂಚಿನ ಮುಂದ ಕಣ್ಣಿಗೆ ಕತ್ತಲ ಬಂತು. ಅದರ ಮರದಿನ ಗಿರಾಕಿ ಮೈಮ್ಯಾಲೆ ಬ್ಯಾಳಿ ಚೆಲ್ಲಿದೆ. ಪುರುಸೊತ್ತು ಸಿಕ್ಕಾಗೆಲ್ಲಾ ಹೋಗಿ ಸಾಹೇಬನ ಮುಂದ ಕುಂಡ್ರತಿದ್ದೆ. ಅವ ನನ್ನ ನೋಡಾವ, ನಾ ಅವನ್ನ ನೋಡಾಕಿ. "ಉಣ್ಣೋ ನಮ್ಮಪ್ಪ, ನಿನ್ನ ಕಾಲ ಬೀಳತೇನಿ. ನೀ ಉಂಡ್ರ ನಾನೂ ಉಣ್ಣತೇನಿ." ಬಾಲ ಒಂದು ಸಲ ನೆಲಕ್ಕ ಬಡದು ಸುಮ್ನಾಗಾವ. ಅವನ ಪಕ್ಕಡಿ ಎಲಬು ಎದ್ದು ಕಾಣತಿದ್ದೂ.

ಒಂದಿನ ಸಂಜಿಮುಂದ ಬಿಸಿ ರೊಟ್ಟಿ, ಬ್ಯಾಳಿ ತಗೊಂಡು ಹೋದ್ರ ಸಾಹೇಬ ತೆಲಿನೂ ಎತ್ತಲಿಲ್ಲ. ಕಣ್ಣು ಅರ್ಧಾ ಮುಚ್ಚಿದ್ದೂ. ಮೂಗಿನ ಮುಂದ ಕೈ ಹಿಡದೆ, ಉಸರು ಸಣ್ಣಗ ಬರತಿತ್ತು. ಮುಗೀತು ಅನ್ನಿಸ್ತು. ನನಗ ಬಂತು ನೋಡ್ರಿ ಸಿಟ್ಟು! ಸವದತ್ತಿ ಕಡೆ ತಿರುಗಿ ಒದರಿದೆ. "ನನ್ನ ಗಂಡನ್ನ ಒಯ್ದಿ, ಇವನ್ನೂ ಒಯ್ಯಿ! ನಿನ್ನ ಹರಕಿ ನೀನಾ ಇಟಗೊ!"

ಅವಗಂತ ತಂದ ಗಂಗಾಳ ತೊಡಿ ಮ್ಯಾಲೆ ಎಳಕೊಂಡು, ಅವನ ಹಂತೇಕನ ನೆಲಕ್ಕ ಕುಂತು, ಮುರದು ಮುರದು ಉಂಡೆ. ಹಸಿವಿಗಲ್ಲ, ಸಿಟ್ಟಿಗೆ. ಕಣ್ಣಾಗಿಂದ ನೀರು ಇಳೀತಿತ್ತು, ಬಾಯಿ ಅಗೀತಿತ್ತು.

ನಾಕು ತುತ್ತು ಹೋಗಿದ್ದವೋ ಏನೋ, ಅವನ ಹರಕ ಕಿವಿ ಎದ್ದು ನಿಂತಿತು. ಸಾಹೇಬ ಕಣ್ಣು ತಗದ. ನನ್ನ ಕೈ ಗಂಗಾಳಕ್ಕ ಹೋದ್ರ ಅವನ ಕಣ್ಣೂ ಗಂಗಾಳಕ್ಕ, ಕೈ ಬಾಯಿಗೆ ಬಂದ್ರ ಕಣ್ಣೂ ಬಾಯಿಗೆ. ನನಗ ಸಾಕಾತು. ಉಳದ ರೊಟ್ಟಿ ಗಂಗಾಳದಾಗ ಬಿಟ್ಟು ನೆಲಕ್ಕ ಇಟ್ಟೆ, ಅವನ ನೀರಿನ ತಂಬಿಗಿಲೆ ಅಲ್ಲೇ ಕೈ ತೊಳಕೊಂಡೆ.

ಆಗ ಏಳಾಕ ನೋಡಿದ. ಮುಂಗಾಲು ನಡಗತಿದ್ದೂ. ಹೊಟ್ಟಿ ನೆಲಕ್ಕ ಹಚ್ಚಿ ತೆವಳಕೋತ ಬಂದು ನನ್ನ ಎಂಜಲ ಗಂಗಾಳಕ್ಕ ಬಾಯಿ ಹಾಕಿದ.

ಯವ್ವಾ! ಆಗ ತಿಳೀತು ನನಗ. ಮಾಲಕ ಉಂಡು ಕೈ ತೊಳದ ಮ್ಯಾಲೆ ಇವನ ಪಾಳಿ. ಇವ ಬೆಳದದ್ದಾ ಹಂಗ. ನಾ ಹುಚ್ಚಿ, ಮೊದಲನೇ ರೊಟ್ಟಿ ಇವನ ಮುಂದ ಇಟ್ಟು, ಇವಗ ಕಾಣದಂಗ ಒಳಗ ನಿಂತು ಉಂಡೆ. ಆಮ್ಯಾಲೆ ಉಣ್ಣೂದನ್ನಾ ಬಿಟ್ಟೆ. ನಾ ಇವಗ ಕಾಯಾಕ ಹತ್ತಿದ್ದೆ, ಇವ ನನಗ ಕಾಯಾಕ ಹತ್ತಿದ್ದ. ಇನ್ನೊಂದಿನ ಹಟ ಹಿಡದಿದ್ರ ನನ್ನ ಹರಕಿನಾ ಇವನ್ನ ಕೊಲ್ಲತಿತ್ತು.

ಪ್ರಜ್ಞಾಗ ಫೋನ ಹಚ್ಚಿ ನಗಕೋತ, ಅಳಕೋತ ಎಲ್ಲಾ ಹೇಳಿದೆ. ಆಕಿ ಖುಷಿ ಪಡತಾಳು ಅಂತ ಮಾಡಿದ್ದೆ. ಆಕಡೆಯಿಂದ ಬಿಕ್ಕೂದು ಕೇಳಿಸ್ತು.

"ಯಾಕವಾ, ಏನಾತು?"

"ಅತ್ತಿ, ಆ ಬುತ್ತಿ... ಅದರ ಮ್ಯಾಲಿನ ಹಲ್ಲಿನ ಗುರ್ತು..." ಅಂದ್ಲು.

ನನಗೂ ಆಗ ಹೊಳೀತು. ಇವ ಅದನ್ನ ಬಿಚ್ಚಾಕ ನೋಡಿರಲಿಲ್ಲ. ಬನ್ನಿ ಗಿಡದ ಬುಡದಿಂದ ಹಲ್ಲಿಲೆ ಕಚ್ಚಿ ಎಳಕೊಂಡು ಬಂದು, ಸತ್ತಾವನ ಕೈ ಹಂತೇಕ ಇಟ್ಟು, ಎದ್ದು ಉಣ್ಣು ಅಂತ ಕಾಯಕೋತ ಕುಂತಿದ್ದ.

ಫೋನ ಇಟ್ಟೆ. ಸಾಹೇಬ ಖಾಲಿ ಗಂಗಾಳ ನೆಕ್ಕಿ ನನ್ನ ಮಾರಿ ನೋಡಾಕ ಹತ್ತಿದ್ದ. ಒಳಗ ಹೋಗಿ ಇನ್ನೆರಡು ರೊಟ್ಟಿ ತಂದೆ, ಅವನ ಮುಂದ ಕುಂತೆ, ಹಸಿವಿ ಇಲ್ಲದಿದ್ರೂ ಮೊದಲ ನಾ ಉಂಡೆ.