ತುಂಬಿಕೊಡಬೇಕು

ಬಸಂತರಾಯ ಕಂಬಳಿಯನ್ನು ಮೂರನೆಯ ಸಲ ಕಿತ್ತು ಮತ್ತೆ ಹಾಸಿದ. ಅಂಚು ಗೋಡೆಗೆ ಹೊಂದಲೊಲ್ಲದು. ಹೊಂದುವುದಾದರೂ ಹೇಗೆ? ಗೋಡೆಯೇ ಸೊಟ್ಟ. ಸೊಟ್ಟಗಿದ್ದರೂ ಇರಲಿ, ಗಿಲಾವು ಬೇಡ, ಕಲ್ಲು ಕಾಣಲಿ, ನೆಲಕ್ಕೆ ಸೆಗಣಿ ಸಾರಿಸಿದರೆ ಸಾಕು ಎಂದು ಹಟ ಹಿಡಿದವನು ತಾನೇ. ಪಾಪ, ಗೌಂಡಿ ನಬಿಲಾಲ ಇಂಥ ಹುಚ್ಚನ್ನು ಕಂಡಿರಲಿಲ್ಲ.

“ಸಾಹೇಬ್ರ, ಮ್ಯಾಲ ಸಿಮೆಂಟ್ ಮನಿ, ತೆಳಗ ಹಳ್ಳಿ ಮನಿ. ಮಂದಿ ನಗೂದಿಲ್ಲೇನ್ರಿ?”

“ನಗಾಕರ ಬರಲಿ,” ಎಂದಿದ್ದ ಬಸಂತರಾಯ.

ಬಾಗೇವಾಡಿಯ ಹೊಸ ಮನೆಯ ಅಡಿಯಲ್ಲಿ ಹತ್ತು ಫೂಟು ಉದ್ದ, ಹತ್ತು ಫೂಟು ಅಗಲದ ಕೋಣೆ. ಆಲಮಟ್ಟಿ ಅಣೆಕಟ್ಟಿನ ಇಂಜಿನಿಯರ್ ಆಗಿ ಅವನು ತೆಗೆದ ನಕ್ಷೆಗಳಿಗೆ ಲೆಕ್ಕವಿಲ್ಲ. ಆಸೆಯಿಂದ ತೆಗೆದದ್ದು ಮಾತ್ರ ಇದೊಂದೇ. ಗೋಡೆಯಲ್ಲಿ ದೀಪದ ಮಾಡ, ರುಮಾಲು ಸಿಗಿಸಲು ಗೂಟ, ಬೆಳಕು ಬೀಳಲು ಮೇಲಿನ ಅಂಗಳದಲ್ಲಿ ನಾಲ್ಕು ಫೂಟಿನ ಬೆಳಕಿಂಡಿ. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ತಂಪಾಗಿ ಕೂತು ಚಾ ಕುಡಿಯಬಹುದು, ಎಲೆ ಅಡಿಕೆ ಹಾಕಬಹುದು, ಪಗಡೆ ಆಡಬಹುದು. ಹುಟ್ಟಿದೂರು ಕೊಲ್ಹಾರದಲ್ಲಿ ಅಣ್ಣ ಇರುವ ಮನೆಯ ಪಡಸಾಲೆ ಹೀಗೆಯೇ ಇದೆ.

ಆ ಪಡಸಾಲೆಯ ಗೋಡೆಗೆ ಕೆಂಪು ಬಣ್ಣದಲ್ಲಿ ಮುಳುಗಡೆಯ ಗೆರೆ ಎಳೆಸಿದವನೂ ಇವನೇ. ಸರ್ಕಾರಿ ಕೆಲಸ, ಇವನಲ್ಲದಿದ್ದರೆ ಇನ್ನೊಬ್ಬ ಎಳೆಸುತ್ತಿದ್ದ. ಅಣ್ಣ ಶಂಕರೆಪ್ಪ ಜಗಳಕ್ಕೇನೂ ಬರಲಿಲ್ಲ. ಗೆರೆಯನ್ನು ನೋಡಿದ, “ಇಲ್ಲೀತನಕ ಬರ್ತೈತೇನು ನೀರು?” ಅಂದ, ಹೊಲಕ್ಕೆ ಹೋದ. ಆಮೇಲೆ ನಾಲ್ಕು ವರ್ಷ ತಮ್ಮನ ಹೊಸ್ತಿಲು ತುಳಿಯಲಿಲ್ಲ. ಬಾಯಿಗೆ ಬಂದಂತೆ ಬೈದುಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು!

ಇವತ್ತು ಬರುತ್ತಾನೆ. ‘ಐತವಾರ ಬರ್ತೇನಿ’ ಎಂದು ಹೇಳಿ ಕಳಿಸಿದ್ದಾನೆ. ಬಂದು, ಮೆಟ್ಟಿಲಿಳಿದು, ಈ ಗೋಡೆಗೆ ಒರಗಿ ಕೂಡಬೇಕು. ಬಸಂತರಾಯನಿಗೆ ಬೇಕಾದದ್ದು ಇಷ್ಟೇ. ಮಾತಾಡದಿದ್ದರೂ ನಡೆದೀತು.

ಮೇಲಿನಿಂದ ಹೆಂಡತಿ ಕಸ್ತೂರೆವ್ವನ ದನಿ ಬಂತು. “ಅಲ್ರಿ, ಮುಂಜಾನಿಂದ ಒಬ್ಬರ ಏನ್ ಮಾಡಾಕತ್ತೀರಿ ಅಲ್ಲಿ?”

“ಕುಂತೇನಿ.”

“ಮ್ಯಾಲ ಕುರ್ಚಿ ಇಲ್ಲೇನ್ರಿ?”

ಕಂಬಳಿಯ ಅಂಚನ್ನು ಮತ್ತೊಮ್ಮೆ ಎಳೆದ. ಕೋಣೆ ಮುಗಿದು ತಿಂಗಳಾಯಿತು. ಅವಳು ಒಂದು ದಿನವೂ ಇಲ್ಲಿ ಕೂತಿಲ್ಲ. ಅವಳಿಗೆ ಉಸಿರು ಕಟ್ಟುತ್ತದಂತೆ.

ಹನ್ನೊಂದರ ಸುಮಾರಿಗೆ ಟ್ರ್ಯಾಕ್ಟರಿನ ಸಪ್ಪಳ ಕೇಳಿತು. ಬಸಂತರಾಯ ಮೆಟ್ಟಿಲು ಹತ್ತಿದ. ಅಣ್ಣ ಬಂದಿದ್ದ. ಅಣ್ಣನ ಹೆಂಡತಿ ಚನ್ನವ್ವ ವೈನಿಯೂ ಬಂದಿದ್ದಳು. ಜೊತೆಗೆ ನಾಲ್ಕು ಜನ ಆಳುಗಳು, ಟ್ರೇಲರಿನ ತುಂಬ ಚೀಲಗಳು.

“ಇದೇನಣ್ಣಾ?”

“ಬಿಳಿ ಜ್ವಾಳ, ನಲವತ್ತು ಚೀಲ. ನಿನ್ನ ಪತ್ರ ಸಾಲಿ ಮಾಸ್ತರ ಓದಿ ಹೇಳಿದ್ರು.”

ಅಯ್ಯೋ, ಪತ್ರ! ಕಲಿತವನ ಪತ್ರ. ‘ನೆಲದೊಳಗೆ ಒಂದು ಕೋಣೆ ಕಟ್ಟಿಸಿದ್ದೇನೆ, ನೀವೇ ಬಂದು ಅದನ್ನು ತುಂಬಿಕೊಡಬೇಕು’ ಎಂದು ಬರೆದಿದ್ದ. ಮನೆ ತುಂಬುವುದು ಮನುಷ್ಯರಿಂದ ಎಂದು ಅವನ ಭಾವನೆ. ಒಕ್ಕಲುತನ ಮಾಡುವವನಿಗೆ ನೆಲದೊಳಗಿನ ಕೋಣೆಯೆಂದರೆ ಹಗೇವು, ಕಾಳು ಸುರುವಿ ಬಾಯಿ ಮುಚ್ಚುವ ಹಗೇವು.

ಶಂಕರೆಪ್ಪ ಬೆಳಕಿಂಡಿಗೆ ಬಗ್ಗಿ ನೋಡಿದ. “ಬಾಯಿ ಒಂದೀಟು ಅಗಲ ಆಗೇತಿ. ಇರ್ಲಿ. ಊರಾಗಿನ ಹಗೇವು ಮುಳಗತಾವಂತ ನೀ ಇಲ್ಲಿ ತಗಿಸೀದಿ. ತಮ್ಮ ನಮ್ಮನ್ನ ಮರ್ತಿಲ್ಲ ಅಂತ ನಿಮ್ಮ ವೈನಿಗೆ ಅವತ್ತ ಹೇಳೇನಿ.” ಹೇಳುತ್ತ ಹೇಳುತ್ತ ಅವನ ಕಣ್ಣು ತೇವವಾಯಿತು.

ಈಗ ಏನು ಹೇಳುವುದು? ಇದು ಹಗೇವಲ್ಲ ಎಂದರೆ ಆ ಕಣ್ಣಿನ ನೀರಿಗೆ ಏನು ಬೆಲೆ? ಬಸಂತರಾಯ ಅಣ್ಣನ ಕೈ ಹಿಡಿದ.

“ಮೊದಲ ತೆಳಗ ಬಾ ಅಣ್ಣಾ. ಎರಡ ಮಿನಿಟು ಕುಂತು ಚಾ ಕುಡಿಯೂಣು.”

“ಹಗೇವಿನ್ಯಾಗ ಕುಂತು ಚಾ ಕುಡೀತಾರೇನೋ ಹುಚ್ಚಾ!”

ಶಂಕರೆಪ್ಪ ಬಾಯ್ತುಂಬ ನಕ್ಕ. ವೈನಿ ಸೆರಗು ಬಾಯಿಗಿಟ್ಟು ನಕ್ಕಳು. ಕಸ್ತೂರೆವ್ವನೂ ನಕ್ಕಳು. ಎಲ್ಲ ಗೊತ್ತಿದ್ದೂ ನಕ್ಕಳಲ್ಲ, ಅದು ಅವನಿಗೆ ಚುಚ್ಚಿತು.

“ಒಬ್ಬರು ಒಳಗ ಇಳೀರೋ,” ಎಂದ ಅಣ್ಣ ಆಳುಗಳಿಗೆ, “ಕಾಳು ಮೂಲಿಗೆ ಸರಸಾಕ ಬೇಕು.”

“ನಾ ಇಳೀತೇನಿ,” ಅಂದ ಬಸಂತರಾಯ.

ಚೀಲದ ಮೇಲೆ ಚೀಲ ಬಾಯಿ ಬಿಚ್ಚಿತು. ಜೋಳ ಧೋ ಎಂದು ಸುರಿಯಿತು. ಧೂಳಿಗೆ ಕೆಮ್ಮುತ್ತ ಎರಡೂ ಕೈಯಿಂದ ಕಾಳನ್ನು ಮೂಲೆಗೆ ತಳ್ಳಿದ. ಬಿಸಿಲಲ್ಲಿ ಬಂದ ಕಾಳು ಬೆಚ್ಚಗಿತ್ತು. ಊರ ಕಣದ ವಾಸನೆ. ಮೊಣಕಾಲ ತನಕ ಬಂತು. ಹತ್ತು ವರ್ಷ ಕಾಗದ ಮುಟ್ಟಿದ ಕೈ ಸೋತಿತು. ಅಣ್ಣನಿಗೆಂದು ಇಟ್ಟ ಜಾಗದಲ್ಲಿ ಗೋಡೆಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತ. ರಾಶಿ ಜಾರಿ ತೊಡೆ ಮುಚ್ಚಿತು, ನಡು ಮುಚ್ಚಿತು. ನಾಲ್ಕು ವರ್ಷದಲ್ಲಿ ಅವನಿಗೆ ಇಷ್ಟು ಹಿತವೆನಿಸಿದ್ದಿಲ್ಲ.

“ಮುಗೀತು, ಮ್ಯಾಲ ಬಾ,” ಅಣ್ಣನ ದನಿ. “ಪರಸಿ ಕಲ್ಲ ಮುಚ್ಚಿ ಮಣ್ಣ ಮೆತ್ತೂಣು.”

“ಬರ್ತೇನಿ,” ಅಂದ. ಏಳಲಿಲ್ಲ.

ಕಸ್ತೂರೆವ್ವ ಬಗ್ಗಿ ನೋಡಿ ಚೀರಿದಳು. “ಅಯ್ಯ ಶಿವನ, ಹಂಗ ಕೂಡಬ್ಯಾಡ್ರಿ! ಏಳ್ರಿ ಅಂದ್ರ!”

ಅವರ ಮಂದಿಯಲ್ಲಿ, ಬಂದವರೆಲ್ಲ ಹಿಡಿ ಮಣ್ಣು ಹಾಕುವ ಮೊದಲು, ಕುಣಿಯೊಳಗೆ ಹೀಗೆ ಕೂಡಿಸುವುದು ಸತ್ತವರನ್ನು.

ಬಸಂತರಾಯ ತಲೆಯೆತ್ತಿದ. ಬೆಳಕಿಂಡಿಯ ಸುತ್ತ ಅಣ್ಣ, ವೈನಿ, ಹೆಂಡತಿ, ಆಳುಗಳು ಒಬ್ಬರಿಗೊಬ್ಬರು ಆತು ನಿಂತು ಅವನನ್ನೇ ನೋಡುತ್ತಿದ್ದರು. ಎಲ್ಲರೂ ಬಂದಿದ್ದರು.

ಅಂಚಿನಲ್ಲಿ ಚೆಲ್ಲಿದ ಕಾಳು ಹಾಳಾಗಬಾರದೆಂದು ಚನ್ನವ್ವ ಒಂದು ಹಿಡಿ ಬಾಚಿ ಕೆಳಗೆ ಹಾಕಿದಳು. ಆಳುಗಳೂ ಒಂದೊಂದು ಹಿಡಿ ಹಾಕಿದರು. ಕೊನೆಗೆ ಶಂಕರೆಪ್ಪ ಬಗ್ಗಿ ತನ್ನ ಹಿಡಿ ತುಂಬಿಕೊಂಡ.